ಆಸ್ಪ್ ಎಕ್ಸ್‌ಪ್ಲೋರರ್‌ನಲ್ಲಿ ಗ್ಯಾಲಕ್ಸಿಯ ನಡುವಿನವರೆಗೆ: ನನ್ನ ಅನುಭವ

ಎಲೀಟ್ ಡೇಂಜರಸ್ ಎಂಬ ಬಾಹ್ಯಾಕಾಶದ ವಿಡಿಯೊ ಗೇಮ್‌ನಲ್ಲಿ ಈ ನೌಕೆಗೆ ನಾನು ಕೊಟ್ಟದ್ದು ಸುಮಾರು 66 ಲಕ್ಷ ಕ್ರೆಡಿಟ್ (ಆಟದ ಹಣ). ಅದಕ್ಕೆ ಹಾಕಿಸಿದ 6ಎ (6 ಗಾತ್ರ, ಎ ಗುಣಮಟ್ಟ) ಫ್ಯೂಯೆಲ್ ಸ್ಕೂಪ್, ಅಂದರೆ ನಕ್ಷತ್ರದಿಂದ ಇಂಧನ ಎಳೆದುಕೊಳ್ಳುವ ಸಾಧನ, ಅದೊಂದಕ್ಕೇ 2 ಕೋಟಿ 87 ಲಕ್ಷ! ಈ ಆಟ ಆಡಲು ಶುರುಮಾಡಿದ ಹೊಸದರಲ್ಲಿ ಯಾರಾದರೂ ಹೀಗೆ ಖರ್ಚು ಮಾಡು ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ.

ಅನ್ವೇಷಣೆಗೆ ನೌಕೆ ಹುಡುಕುವವರು ಜಂಪ್ ರೇಂಜ್, ಅಂದರೆ ಒಂದೇ ಜಿಗಿತದಲ್ಲಿ ಹೋಗುವ ದೂರ, ಎಷ್ಟು ಅಂತ ಕೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಆಸ್ಪ್‌ಗಿಂತ ಮುಂಚೆ ಡೈಮಂಡ್‌ಬ್ಯಾಕ್ ಎಕ್ಸ್‌ಪ್ಲೋರರ್ ಇತ್ತು. ಅಗ್ಗದ್ದು, ತಣ್ಣಗಿರುತ್ತದೆ, ಎರಡಕ್ಕೂ 5ನೇ ದರ್ಜೆಯ ಎಫ್‌ಎಸ್‌ಡಿಯೇ (ನಕ್ಷತ್ರದಿಂದ ನಕ್ಷತ್ರಕ್ಕೆ ಜಿಗಿಸುವ ಯಂತ್ರ), ಜಿಗಿತದಲ್ಲಿ ಆಸ್ಪ್‌ಗೆ ಏನೂ ಕಡಿಮೆಯಿಲ್ಲ. ಆದರೆ ಅದಕ್ಕೆ ಹಿಡಿಸುವ ಅತಿ ದೊಡ್ಡ ಸ್ಕೂಪ್ 4ಎ, ಸೆಕೆಂಡಿಗೆ 342 ಕಿಲೋ ಇಂಧನ. ಆಸ್ಪ್‌ನ 6ಎ ಎಳೆಯುವುದು 878 ಕಿಲೋ. ಪೂರ್ತಿ ದೂರದ ಒಂದು ಜಿಗಿತಕ್ಕೆ 5 ಟನ್ ಹತ್ತಿರ ಇಂಧನ ಬೇಕು. ಗರಿಷ್ಠ ವೇಗದಲ್ಲೇ ತುಂಬಿದರೂ ಒಂದರಲ್ಲಿ ಹದಿನೈದು ಸೆಕೆಂಡು, ಇನ್ನೊಂದರಲ್ಲಿ ಆರು. ಗ್ಯಾಲಕ್ಸಿಯ ನಡುವಿನ ಸ್ಯಾಜಿಟೇರಿಯಸ್ ಎ-ಸ್ಟಾರ್ ಸೂರ್ಯನಿಂದ ಸುಮಾರು 25,900 ಜ್ಯೋತಿರ್ವರ್ಷ ದೂರ. ಜಿಗಿತಕ್ಕೆ 60ರಂತೆ ಹೋದರೂ ನಾನೂರ ಮೂವತ್ತಕ್ಕೂ ಹೆಚ್ಚು ಜಿಗಿತ. ಪ್ರತಿ ಸಲ ಒಂಬತ್ತು ಸೆಕೆಂಡು ಉಳಿದರೆ ಬರೀ ಹೋಗುವ ದಾರಿಯಲ್ಲೇ ಒಂದು ಗಂಟೆಗೂ ಮಿಗಿಲು. ಸಮಯಕ್ಕಿಂತ ಮುಖ್ಯ ಇನ್ನೊಂದಿದೆ: ನಕ್ಷತ್ರದ ಪಕ್ಕ ಕಾಯುತ್ತಾ ಕೂತರೆ ಬೇಜಾರಾಗುತ್ತದೆ, ಬೇಜಾರಾದ ಪೈಲಟ್ ಕೊಂಚ ಹೆಚ್ಚೇ ಹತ್ತಿರ ಹೋಗಿ ನೌಕೆ ಸುಟ್ಟುಕೊಳ್ಳುತ್ತಾನೆ.

ಹೊಸಬರಿಗೆ ಒಂದು ಮಾತು. ಇಂಧನ ಸಿಗುವುದು ಕೆ, ಜಿ, ಬಿ, ಎಫ್, ಒ, ಎ, ಎಂ ದರ್ಜೆಯ ನಕ್ಷತ್ರಗಳಲ್ಲಿ ಮಾತ್ರ. ದಾರಿ ಹಾಕುವಾಗಲೇ ಗ್ಯಾಲಕ್ಸಿ ಮ್ಯಾಪ್‌ನಲ್ಲಿ ಈ ಫಿಲ್ಟರ್ ಇಟ್ಟುಬಿಡಿ. 32 ಟನ್ ಟ್ಯಾಂಕಿನಲ್ಲಿ ಪೂರ್ತಿ ದೂರದ ಜಿಗಿತ ಆರು, ಅಷ್ಟೇ.

ಇನ್ನು ರೇಂಜ್. ಎಂಜಿನಿಯರಿಂಗ್ (ಭಾಗಗಳನ್ನು ಸುಧಾರಿಸಿಕೊಳ್ಳುವುದು) ಇಲ್ಲದೆ ಹಗುರ ಮಾಡಿದಾಗ ನನ್ನದು 35 ಜ್ಯೋತಿರ್ವರ್ಷದ ಆಸುಪಾಸಿತ್ತು. ಆಟದ ಎಂಜಿನಿಯರ್ ಫೆಲಿಸಿಟಿ ಫಾರ್‌ಸೀರ್ ಬಳಿ ಎಫ್‌ಎಸ್‌ಡಿಗೆ 5ನೇ ಗ್ರೇಡ್ ಮಾಡಿಸಿ, 10.5 ಜ್ಯೋತಿರ್ವರ್ಷ ಸೇರಿಸುವ ಗಾರ್ಡಿಯನ್ ಬೂಸ್ಟರ್ ಹಾಕಿದ ಮೇಲೆ 60 ಮುಟ್ಟಿತು. ಇಲ್ಲಿಗೆ ನಿಲ್ಲಿಸಬೇಕಿತ್ತು. ಇನ್ನೆರಡು ಜ್ಯೋತಿರ್ವರ್ಷದ ಆಸೆಗೆ, ತೂಕ ಇಳಿಸಲು ಶೀಲ್ಡ್ ತೆಗೆಸಿದೆ, ಥ್ರಸ್ಟರ್ (ನೌಕೆಯನ್ನು ತಳ್ಳುವ ಎಂಜಿನ್) ಅನ್ನು 5ರಿಂದ 4ಡಿಗೆ ಇಳಿಸಿದೆ.

ಅದರ ಬೆಲೆ ತೆತ್ತದ್ದು ದಾರಿಯ ಮಧ್ಯೆ, ಭೂಮಿಯ ಎರಡು ಪಟ್ಟಿಗೂ ಹೆಚ್ಚು ಗುರುತ್ವದ ಒಂದು ಗ್ರಹದಲ್ಲಿ. ಅದನ್ನು ಮೊದಲು ಕಂಡದ್ದು ನಾನೇ, ಇಳಿಯದೆ ಹೋಗಲು ಮನಸ್ಸಾಗಲಿಲ್ಲ. ಕೆಳಮುಖವಾಗಿ ಬರುತ್ತಿದ್ದ ನೌಕೆಯನ್ನು ಎತ್ತಿಹಿಡಿಯಲು ಹೋದರೆ ಥ್ರಸ್ಟರ್‌ನಲ್ಲಿ ಕಸುವೇ ಇಲ್ಲ. ನೆಲಕ್ಕೆ ಬಡಿದಾಗ ಹಲ್ (ನೌಕೆಯ ಹೊರಕವಚ) ಅರ್ಧಕ್ಕಿಂತ ಕೆಳಗಿಳಿಯಿತು. ನೌಕೆ ಒಡೆದಿದ್ದರೆ ವಿಮೆ ಕಟ್ಟಿ ಮತ್ತೆ ಪಡೆಯಬಹುದಿತ್ತು. ಆದರೆ ಮಾರದೆ ಇಟ್ಟುಕೊಂಡಿದ್ದ ಅಷ್ಟೂ ದಿನಗಳ ಅನ್ವೇಷಣೆಯ ಡೇಟಾ, ಅದರ ಜೊತೆಗೆ ಮೊದಲು ಕಂಡದ್ದಕ್ಕೆ ಆ ಗ್ರಹಗಳ ಮೇಲೆ ಬರಬೇಕಿದ್ದ ನನ್ನ ಹೆಸರು, ಎಲ್ಲ ಅಲ್ಲೇ ಮುಗಿಯುತ್ತಿತ್ತು. ಕೈ ನಡುಗುತ್ತಿತ್ತು, ನಿಜವಾಗಿ.

ಅದೇ ಗಳಿಗೆಯಲ್ಲಿ ಆಸ್ಪ್‌ನ ದೊಡ್ಡ ಗುಣವೂ ತಿಳಿಯಿತು. ಕಾಕ್‌ಪಿಟ್‌ನ ಗಾಜು ತಲೆಯ ಮೇಲಿಂದ ಕಾಲ ಬುಡದವರೆಗೂ ಹರಡಿದೆ. ನೆಲ ಎಷ್ಟು ಹತ್ತಿರ ಬಂತು, ಯಾವ ಕಡೆ ಇಳಿಜಾರು ಅಂತ ಕಣ್ಣಿಗೇ ಕಾಣುತ್ತಿತ್ತು. ಅದಿಲ್ಲದಿದ್ದರೆ ಮೂಗನ್ನು ಸಮಯಕ್ಕೆ ಎತ್ತುತ್ತಿರಲಿಲ್ಲ. ಅನಕೊಂಡಾ ಎಂಬ ದೊಡ್ಡ ನೌಕೆ ಇದಕ್ಕಿಂತ ದೂರ ಜಿಗಿಯುತ್ತದೆ, ಒಪ್ಪುತ್ತೇನೆ. ಆದರೆ ಅದರ ಬೆಲೆ 14 ಕೋಟಿ ದಾಟುತ್ತದೆ, ಆ ಗಾತ್ರಕ್ಕೆ ಗುಡ್ಡಗಾಡಿನಲ್ಲಿ ಸಮತಟ್ಟು ಜಾಗ ಹುಡುಕುವುದೇ ಒಂದು ಕೆಲಸ. ಇಳಿಯುವುದರಲ್ಲೇ ಸುಖ ಕಾಣುವ ನನ್ನಂಥವರಿಗೆ ಅದು ಒಗ್ಗುವುದಿಲ್ಲ.

ನ್ಯೂಟ್ರಾನ್ ನಕ್ಷತ್ರ ಉಗುಳುವ ಜೆಟ್ ಹೊಕ್ಕರೆ ಮುಂದಿನ ಜಿಗಿತ ನಾಲ್ಕು ಪಟ್ಟು, ಆದರೆ ಪ್ರತಿ ಸಲವೂ ಎಫ್‌ಎಸ್‌ಡಿ ಸ್ವಲ್ಪ ಸವೆಯುತ್ತದೆ. ಹಾಗಾಗಿ ಆ ದಾರಿ ಹಿಡಿಯುವವರು ರಿಪೇರಿ ಯೂನಿಟ್ ಇಲ್ಲದೆ ಹೊರಡಬಾರದು. ಬಿಳಿ ಕುಬ್ಜ ನಕ್ಷತ್ರದ ಜೆಟ್ ಕೊಡುವುದು ಒಂದೂವರೆ ಪಟ್ಟು ಮಾತ್ರ, ಅಷ್ಟಕ್ಕೆ ಆ ಅಪಾಯ ಬೇಡ ಎಂಬುದು ನನ್ನ ಅಭಿಪ್ರಾಯ.

ಬೇರೆ ಕೆಲಸಗಳ ವಿಷಯ: ಸ್ಕೂಪ್ ತೆಗೆದು ಆ 6ರ ಸ್ಲಾಟಿಗೆ ಸರಕಿನ ರ‍್ಯಾಕ್ ಹಾಕಿದರೆ ಅಲ್ಲೊಂದರಲ್ಲೇ 64 ಟನ್ ಸರಕು. ಗಣಿಗಾರಿಕೆಯನ್ನೂ ಚೆನ್ನಾಗಿ ಮಾಡಿದೆ. ಕಾಳಗಕ್ಕೆ ಮಾತ್ರ ನಾನು ಇದನ್ನು ಒಯ್ಯುವುದಿಲ್ಲ.

ಈಗ ನನ್ನ ಆಸ್ಪ್‌ನಲ್ಲಿ 5ಡಿ ಥ್ರಸ್ಟರ್, 3ಡಿ ಶೀಲ್ಡ್, 6ಎ ಸ್ಕೂಪ್, ಬೂಸ್ಟರ್, ಒಂದು ರಿಪೇರಿ ಯೂನಿಟ್, ಗ್ರಹದ ಮೇಲೆ ಓಡಾಡುವ ಗಾಡಿ ಇವೆ. ರೇಂಜ್ ಒಂದೆರಡು ಜ್ಯೋತಿರ್ವರ್ಷ ಇಳಿದಿದೆ. ಮೊನ್ನೆ ಅದೇ ಗ್ರಹಕ್ಕೆ ಮತ್ತೆ ಹೋಗಿ, ನಿಧಾನವಾಗಿ, ಹಲ್‌ಗೆ ಒಂದು ಗೀರೂ ಬೀಳದಂತೆ ಇಳಿಸಿದೆ.