ಅರ್ಜಿಯ ರೇಸ್ ಕಾಲಂ ಮತ್ತು ಎರಡು ಮೂಲದ ಮಕ್ಕಳು: ಹೊಸಬರಿಗೆ ಮಾರ್ಗದರ್ಶಿ

ಮಗುವನ್ನು ಶಾಲೆಗೆ ಸೇರಿಸುವ ದಿನವೇ ಅಮೆರಿಕದ ರೇಸ್, ಅಂದರೆ ಜನಾಂಗದ ಪ್ರಶ್ನೆ ಎದುರಾಗುತ್ತದೆ. ಅರ್ಜಿಯಲ್ಲಿ ಮೊದಲು ‘ಹಿಸ್ಪ್ಯಾನಿಕ್ ಅಥವಾ ಲ್ಯಾಟಿನೋ (ಸ್ಪ್ಯಾನಿಷ್ ಭಾಷೆಯ ಅಥವಾ ಲ್ಯಾಟಿನ್ ಅಮೆರಿಕದ ಮೂಲದವರು) ಹೌದೇ, ಅಲ್ಲವೇ’ ಎಂದು ಕೇಳಿ, ಆಮೇಲೆ ಐದು ಚೌಕ ಕೊಟ್ಟಿರುತ್ತಾರೆ. ಹೊಸಬರು ಎಡವುವುದು ‘ಅಮೆರಿಕನ್ ಇಂಡಿಯನ್’ ಎಂಬ ಚೌಕದಲ್ಲಿ. ಅದು ಈ ನೆಲದ ಮೂಲನಿವಾಸಿಗಳದು, ನಮ್ಮದಲ್ಲ. ನಮ್ಮದು ‘ಏಷಿಯನ್’, ಅದರೊಳಗೆ ವಿವರ ಕೇಳಿದ್ದರೆ ‘ಏಷಿಯನ್ ಇಂಡಿಯನ್’. ತಪ್ಪಾಗಿ ಗುರುತು ಹಾಕಿದ್ದರೆ ಶಾಲೆಯ ಆಫೀಸಿಗೆ ಹೋಗಿ ತಿದ್ದಿಸಿ. ಆ ಚೌಕದ ಲೆಕ್ಕ ಮೂಲನಿವಾಸಿ ಮಕ್ಕಳಿಗೆ ಸೇರಬೇಕು.

ಖಾಲಿ ಬಿಟ್ಟರೆ ಮುಗಿಯಿತು ಎಂದುಕೊಳ್ಳಬೇಡಿ. ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ಪೋಷಕರು ಉತ್ತರಿಸದಿದ್ದರೆ ಶಾಲೆಯವರೇ ಮಗುವನ್ನು ನೋಡಿ ಕಣ್ಣಂದಾಜಿನಲ್ಲಿ ತುಂಬುತ್ತಾರೆ. ನೀವೇ ತುಂಬುವುದು ಮೇಲು. ತಹಸೀಲ್ದಾರರ ಜಾತಿ ಪ್ರಮಾಣಪತ್ರದಂಥದ್ದು ಇದಕ್ಕೆ ಬೇಕಿಲ್ಲ. ನೀವು ಹೇಳಿದ್ದೇ ಉತ್ತರ. 2024ರ ಮಾರ್ಚ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಎರಡು ಪ್ರಶ್ನೆಗಳನ್ನು ಒಂದಾಗಿಸಿ, ‘ಮಧ್ಯಪ್ರಾಚ್ಯ ಅಥವಾ ಉತ್ತರ ಆಫ್ರಿಕ’ವನ್ನೂ ಸೇರಿಸಿ ಏಳು ವರ್ಗ ಮಾಡಿತು. ಹಳೆಯ ನಮೂನೆಗಳಿನ್ನೂ ಚಲಾವಣೆಯಲ್ಲಿರುವುದರಿಂದ ಎರಡೂ ಬಗೆಯವು ಕೈಗೆ ಬರಬಹುದು.

ತಂದೆ ತಾಯಿ ಬೇರೆ ಬೇರೆ ಮೂಲದವರಾಗಿದ್ದರೆ ಅನ್ವಯಿಸುವ ಚೌಕಗಳಿಗೆಲ್ಲ ಗುರುತು ಹಾಕಿ. ತಾಯಿ ಕನ್ನಡತಿ, ತಂದೆ ಕಪ್ಪು ಅಮೆರಿಕನ್ ಎಂದಾದರೆ ‘ಏಷಿಯನ್’ ಕೂಡ, ‘ಬ್ಲ್ಯಾಕ್’ ಕೂಡ. ಶಾಲೆ ಮೇಲಿನವರಿಗೆ ಕಳಿಸುವ ವರದಿಯಲ್ಲಿ ಮಗು ‘ಎರಡು ಅಥವಾ ಹೆಚ್ಚು ರೇಸ್’ ಎಂಬ ಒಂದೇ ಗುಂಪಿಗೆ ಬೀಳುತ್ತದೆ. ಹಳೆಯ ನಮೂನೆಯಲ್ಲಿ ಹಿಸ್ಪ್ಯಾನಿಕ್ ಎಂದಿದ್ದರೆ ಉಳಿದ ಗುರುತುಗಳು ವರದಿಯಲ್ಲಿ ಕಾಣುವುದೇ ಇಲ್ಲ. ‘ನಾನು ಎರಡೂ ಬರೆದಿದ್ದೆನಲ್ಲ’ ಎಂದು ಪೋಷಕರು ಗಾಬರಿಯಾಗುವುದು ಇದಕ್ಕೇ.

ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಚೌಕ ಆರಿಸಲು ಬಿಟ್ಟದ್ದೇ 2000ದಲ್ಲಿ. 2010ರಲ್ಲಿ ಹಾಗೆ ಬರೆಸಿಕೊಂಡವರು ಸುಮಾರು 90 ಲಕ್ಷ, 2020ರಲ್ಲಿ 3.38 ಕೋಟಿ. ಇಷ್ಟು ದೊಡ್ಡ ಜಿಗಿತಕ್ಕೆ ಪ್ರಶ್ನೆ ಮತ್ತು ಎಣಿಕೆಯ ಕ್ರಮ ಬದಲಾದದ್ದೂ ಒಂದು ಕಾರಣ.

ಈ ಚೌಕಗಳ ಹಿಂದೆ ನೋವಿನ ಚರಿತ್ರೆಯಿದೆ. ಆಫ್ರಿಕನ್ ಮೂಲದ ‘ಒಂದು ಹನಿ’ ರಕ್ತವಿದ್ದರೂ ಆ ವ್ಯಕ್ತಿ ಕಪ್ಪು ಎಂಬ ನಿಯಮವನ್ನು ವರ್ಜೀನಿಯಾ 1924ರಲ್ಲಿ ಕಾನೂನೇ ಮಾಡಿತು. ಬೇರೆ ರೇಸಿನವರನ್ನು ಮದುವೆಯಾಗುವುದನ್ನು ತಡೆಯುವ ಕಾನೂನುಗಳು 1967ರ ಜೂನ್ 12ರಂದು, ಬಿಳಿಯ ಗಂಡ, ಬಿಳಿಯಳಲ್ಲದ ಹೆಂಡತಿಯಾಗಿದ್ದ ಲವಿಂಗ್ ದಂಪತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಿದ್ದುಹೋದವು. ಆಗಲೂ 16 ರಾಜ್ಯಗಳಲ್ಲಿ ಅವು ಜಾರಿಯಲ್ಲಿದ್ದವು. ನಮ್ಮವರೂ ಹೊರಗುಳಿದಿರಲಿಲ್ಲ. ಪಂಜಾಬಿನಿಂದ ಬಂದಿದ್ದ ಭಗತ್ ಸಿಂಗ್ ಥಿಂದ್ ‘ಬಿಳಿಯ’ನಲ್ಲ, ಆದ್ದರಿಂದ ಪೌರತ್ವವಿಲ್ಲ ಎಂದು ಅದೇ ಕೋರ್ಟ್ 1923ರಲ್ಲಿ ಹೇಳಿತ್ತು. ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯ ಪಂಜಾಬಿ ರೈತರಲ್ಲಿ ಅನೇಕರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಅವರ ಮಕ್ಕಳೇ ಇಲ್ಲಿ ಭಾರತೀಯ ಮೂಲದ ಮಿಶ್ರ ಕುಟುಂಬಗಳ ಮೊದಲ ತಲೆಮಾರುಗಳಲ್ಲೊಂದು. ‘ಇದು ನಮಗೆ ಸಂಬಂಧವಿಲ್ಲದ ಜಗಳ’ ಎನ್ನುವವರು ಇದನ್ನು ಓದಿಕೊಳ್ಳಬೇಕು.

ಈಗ ಮನೆಯ ಮಾತು. ನಾವು ಕನ್ನಡದಲ್ಲಿ ಸಲೀಸಾಗಿ ಆಡುವ ‘ನೀಗ್ರೋ’, ‘ಕರಿಯ’ ಎಂಬ ಪದಗಳನ್ನು ಇಂದೇ ಬಿಡಿ. ‘ಬ್ಲ್ಯಾಕ್’ ಎಂದರೆ ಸಾಕು. ಇನ್ನೊಂದು ಎಚ್ಚರ ನಮ್ಮ ಭಾಷೆಗೇ ಸೇರಿದ್ದು: ‘ಮಗು ಮೇಲೆ ನಿಗಾ ಇಡು’ ಎಂದು ಬಸ್ಸಿನಲ್ಲಿ ಜೋರಾಗಿ ಹೇಳಿದರೆ, ಪಕ್ಕದವರ ಕಿವಿಗೆ ಆ ‘ನಿಗಾ’ ಕಪ್ಪು ಜನರನ್ನು ಹೀಯಾಳಿಸುವ ಇಲ್ಲಿನ ಅತಿ ಕೆಟ್ಟ ಬೈಗುಳದಂತೆ ಕೇಳಿಸಬಹುದು. ‘ಸ್ವಲ್ಪ ನೋಡ್ಕೊ’ ಎನ್ನಿ. ಊರಿಂದ ಬರುವ ಅಜ್ಜಿ ತಾತಂದಿರಿಗೆ ವಿಮಾನ ಹತ್ತುವ ಮೊದಲೇ ಫೋನಿನಲ್ಲಿ ತಿಳಿಸಿ: ಮೊಮ್ಮಗುವಿನ ಬಣ್ಣ, ಮೂಗು, ಗುಂಗುರು ಕೂದಲನ್ನು ಮಗುವಿನ ಎದುರು ಅಳೆಯಬಾರದು, ‘ಅರ್ಧ ನಮ್ಮದು’ ಎನ್ನಬಾರದು. ಮಗುವಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ತನ್ನನ್ನು ಮಿಕ್ಸ್ಡ್ ಎಂದೋ, ಬೈರೇಶಿಯಲ್ (ಎರಡು ರೇಸಿನ) ಎಂದೋ, ಬ್ಲ್ಯಾಕ್ ಎಂದೋ ಕರೆದುಕೊಳ್ಳುವುದು ಮಗುವಿನ ಇಷ್ಟ. ಅದು ಹದಿನೈದರಲ್ಲಿ ಬದಲಾದರೂ ಸರಿ.

‘ನೀನು ಏನು?’ ಎಂದು ಸಹಪಾಠಿಗಳು ಕೇಳಿಯೇ ಕೇಳುತ್ತಾರೆ. ಮನೆಯಲ್ಲೇ ಒಂದು ಉತ್ತರ ಅಭ್ಯಾಸ ಮಾಡಿಸಿ: ‘ಅಮ್ಮ ಮೈಸೂರಿನವಳು, ಅಪ್ಪ ಅಟ್ಲಾಂಟದವನು.’ ಉತ್ತರಿಸದೆ ಇರಬಹುದೆಂದೂ ಹೇಳಿಕೊಡಿ. ಕೀಟಲೆ ಮಿತಿಮೀರಿದರೆ ದಿನಾಂಕ, ಜಾಗ, ಆಡಿದ ಮಾತು, ನೋಡಿದವರ ಹೆಸರು ಬರೆದು ಪ್ರಿನ್ಸಿಪಾಲರಿಗೆ ಇಮೇಲ್ ಮಾಡಿ. ಬಾಯಿಮಾತಿನ ದೂರು ದಾಖಲೆಯಾಗುವುದಿಲ್ಲ.

ತಂದೆ ಅಥವಾ ತಾಯಿಯ ಬಣ್ಣ ಮಗುವಿನದಕ್ಕೆ ಹೊಂದದಿದ್ದರೆ ‘ಇವರು ಯಾರು’ ಎಂಬ ಪ್ರಶ್ನೆ ಏಳುತ್ತದೆ. ಶಾಲೆಯ ಪಿಕಪ್ ಪಟ್ಟಿಯಲ್ಲಿ ಇಬ್ಬರ ಹೆಸರೂ, ಅಜ್ಜಿ ಕರೆತರುವುದಿದ್ದರೆ ಅವರ ಹೆಸರೂ ಇರಲಿ. ಫೋಟೊ ಇರುವ ಗುರುತಿನ ಚೀಟಿ ಜೊತೆಗಿರಲಿ. ಒಬ್ಬರೇ ಮಗುವಿನೊಂದಿಗೆ ವಿದೇಶಕ್ಕೆ ಹೊರಟರೆ ಜನನ ಪತ್ರದ ಪ್ರತಿ ಮತ್ತು ಇನ್ನೊಬ್ಬರು ನೋಟರಿ ಮುಂದೆ ಸಹಿ ಮಾಡಿದ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ.

ಡೇಕೇರ್‌ಗೆ ಬಿಡುವ ಮುನ್ನ ಮಗುವಿನ ಸೊಂಟ, ಬೆನ್ನಿನ ಕೆಳಭಾಗ ನೋಡಿ. ಏಷಿಯನ್ ಮತ್ತು ಆಫ್ರಿಕನ್ ಮೂಲದ ಅನೇಕ ಮಕ್ಕಳಿಗೆ ಹುಟ್ಟುವಾಗಲೇ ಅಲ್ಲಿ ನೀಲಿ ಬೂದು ಮಚ್ಚೆಗಳಿರುತ್ತವೆ. ಅವುಗಳಿಂದ ತೊಂದರೆಯಿಲ್ಲ, ಕೆಲವು ವರ್ಷಗಳಲ್ಲಿ ಸಾಮಾನ್ಯವಾಗಿ ಮಾಸುತ್ತವೆ. ಆದರೆ ಗೊತ್ತಿಲ್ಲದವರಿಗೆ ಅವು ಹೊಡೆದ ಗುರುತಿನಂತೆ ಕಾಣುತ್ತವೆ. ಅನುಮಾನ ಬಂದರೆ ವರದಿ ಮಾಡಲೇಬೇಕೆಂದು ಸಿಬ್ಬಂದಿಗೆ ಕಾನೂನಿದೆ. ಮಕ್ಕಳ ಡಾಕ್ಟರಿಂದ ದಾಖಲೆಯಲ್ಲಿ ಬರೆಸಿ, ಫೋಟೊ ತೆಗೆದಿಟ್ಟು, ಪ್ರತಿಯನ್ನು ಮೊದಲ ದಿನವೇ ಡೇಕೇರ್‌ನವರಿಗೆ ಕೊಡಿ.