ಕೋಳಿ ಗೂಡಿಗೆ ನುಗ್ಗಿದ್ದು ಯಾರು? ಪತ್ತೆ ಹಚ್ಚುವ ಬಗೆ

ಕರಾವಳಿಯಲ್ಲಿ ಊರಕೋಳಿ ಸತ್ತರೆ ಮೊದಲು ಬೈಸಿಕೊಳ್ಳುವುದು ಮುಂಗುಸಿ. ಅದು ಹಗಲು ಓಡಾಡುವ ಪ್ರಾಣಿ, ಎಲ್ಲರ ಕಣ್ಣಿಗೂ ಬೀಳುತ್ತದೆ. ರಾತ್ರಿ ಮಾಡಿನ (ಸೂರಿನ) ಮೇಲಿಂದ ಬರುವ ಪುನುಗು ಬೆಕ್ಕನ್ನು ಕಂಡವರು ಕಡಿಮೆ. ಹಗಲಿಡೀ ಮುಂಗುಸಿಗೆ ಕಾವಲು ಕೂತು, ಸಂಜೆ ಹಂಚಿನ ಸಂದು ಮುಚ್ಚದೆ ಮಲಗಿದರೆ ಬೆಳಿಗ್ಗೆ ಇನ್ನೆರಡು ಕೋಳಿ ಹೋಗಿರುತ್ತವೆ. ಹಾಗಾಗಿ ಬಂದೋಬಸ್ತಿಗೆ ಮೊದಲು ತನಿಖೆ.

1. ಹೊತ್ತು ಗೊತ್ತು ಮಾಡಿಕೊಳ್ಳಿ

ಗುಡಿಸಿ ತೊಳೆಯಬೇಡಿ. ಮೊದಲು ಫೋಟೊ ತೆಗೆಯಿರಿ, ಅಳತೆಗೆ ಪಕ್ಕದಲ್ಲೊಂದು ಬೆಂಕಿಪೊಟ್ಟಣ ಇಡಿ. ಸಂಜೆ ಗೂಡಿಗೆ ಹತ್ತುವಾಗ ಕೋಳಿಗಳನ್ನು ಎಣಿಸಿ, ಬೆಳಿಗ್ಗೆ ಬಿಡುವಾಗ ಮತ್ತೆ ಎಣಿಸಿ. ಸಂಜೆಯೇ ಲೆಕ್ಕ ತಪ್ಪಿದರೆ ಹಗಲಿನ ಕಳ್ಳ: ಮುಂಗುಸಿ, ಹದ್ದು, ಬಿಜ್ಜು (ಸಣ್ಣ ಗಿಡುಗ), ಕಾಗೆ, ಉಡ, ಕೇರೆಹಾವು. ಬೆಳಿಗ್ಗೆ ತಪ್ಪಿದರೆ ಪುನುಗು, ಕಾಡುಬೆಕ್ಕು, ನರಿ, ಹೆಬ್ಬಾವು, ಹೆಗ್ಗಣ. ಬೀದಿ ನಾಯಿಗೆ ಮಾತ್ರ ಹಗಲು ರಾತ್ರಿಯ ಭೇದವಿಲ್ಲ. ಈ ಒಂದು ಲೆಕ್ಕದಿಂದಲೇ ಅರ್ಧ ಪಟ್ಟಿ ಕಳಚುತ್ತದೆ.

2. ಸತ್ತ ಕೋಳಿಯನ್ನು ಓದಿ

ಕೈಗವಸು ಹಾಕಿಕೊಂಡು ಕುತ್ತಿಗೆಯ ಪುಕ್ಕ ಕಿತ್ತು, ಚರ್ಮ ಬಿಡಿಸಿ ನೋಡಿ. ಹಲ್ಲಿನ ತೂತುಗಳ ಸುತ್ತ ಚರ್ಮದಡಿ ರಕ್ತ ಹೆಪ್ಪುಗಟ್ಟಿ ಕಪ್ಪಾಗಿದ್ದರೆ ಕಚ್ಚುವಾಗ ಕೋಳಿಗೆ ಜೀವವಿತ್ತು. ತೂತಿದ್ದೂ ಹೆಪ್ಪು ಇಲ್ಲದಿದ್ದರೆ ಅದು ಬೇರೆ ಕಾರಣಕ್ಕೆ ಸತ್ತ ಮೇಲೆ ಯಾವುದೋ ಪ್ರಾಣಿ ಬಾಯಿ ಹಾಕಿದೆ. ಉಳಿದ ಕೋಳಿಗಳು ತೂಕಡಿಸುತ್ತಾ ಹಸಿರು ಬೇಧಿ ಮಾಡುತ್ತಿದ್ದರೆ ಕೊಕ್ಕರೆ ರೋಗದ (ರಾಣಿಖೇತ್) ಅನುಮಾನ. ಬಲೆಯ ಬದಲು ಪಶುವೈದ್ಯರನ್ನು ನೋಡಿ.

ಆಮೇಲೆ ಎರಡು ಕೋರೆಹಲ್ಲುಗಳ ತೂತಿನ ನಡುವಿನ ಅಂತರ ಅಳೆಯಿರಿ. ಒಂದು ಸೆಂ.ಮೀ. ಆಸುಪಾಸು ಇದ್ದರೆ ಮುಂಗುಸಿ. ಮೂರು ಸೆಂ.ಮೀ. ದಾಟಿದರೆ ಸಾಮಾನ್ಯವಾಗಿ ನಾಯಿ. ನಡುವಿನದು ಬೆಕ್ಕಿನ ಜಾತಿ, ಪುನುಗು, ನರಿ ಯಾವುದೂ ಆಗಬಹುದು. ಅಲ್ಲಿ ಹೆಜ್ಜೆಯೇ ಸಾಕ್ಷಿ.

ಒಂದೇ ಸಲ ನಾಲ್ಕಾರು ಕೋಳಿ ಸತ್ತು, ಕುತ್ತಿಗೆ ಬಿಟ್ಟು ಬೇರೇನೂ ತಿಂದಿರದಿದ್ದರೆ ‘ರಕ್ತ ಮಾತ್ರ ಕುಡಿದು ಹೋಗಿದೆ’ ಎನ್ನುತ್ತಾರೆ. ಹಾಗೇನಿಲ್ಲ. ಮುಚ್ಚಿದ ಗೂಡಿನಲ್ಲಿ ಕೋಳಿಗಳು ಪಟಪಟ ಹಾರಾಡಿದಷ್ಟೂ ಪುನುಗು, ಮುಂಗುಸಿಗಳು ಕಚ್ಚುತ್ತಲೇ ಹೋಗುತ್ತವೆ; ಎಲ್ಲವನ್ನೂ ತಿನ್ನುವ ಹೊಟ್ಟೆ ಅವಕ್ಕಿಲ್ಲ. ಹೃದಯ ನಿಂತ ಮೇಲೆ ರಕ್ತ ಒಳಗೇ ಹೆಪ್ಪುಗಟ್ಟುವುದರಿಂದ ಹೊರಗೆ ಕಾಣುವುದಿಲ್ಲ, ಅಷ್ಟೆ.

ಕೋಳಿಯೇ ನಾಪತ್ತೆಯಾಗಿ, ಪುಕ್ಕದ ಸಾಲು ಗುಡ್ಡೆಯ ಕಡೆಗೋ ಹಾಡಿಯ (ಕುರುಚಲು ಕಾಡಿನ) ಕಡೆಗೋ ಹೋಗಿದ್ದರೆ ನರಿ ಅಥವಾ ಕಾಡುಬೆಕ್ಕು ಎಂದುಕೊಳ್ಳಿ. ಅಂಗಳದ ತುಂಬ ಪುಕ್ಕ, ಬೆನ್ನು ತೊಡೆ ಹರಿದ ಹೆಣಗಳು, ಜಗಿದು ಬಗ್ಗಿಸಿದ ಬಲೆ ಕಂಡರೆ ನಾಯಿ. ತಲೆ ಮಾತ್ರ ಇಲ್ಲದೆ ದೇಹ ಬಲೆಗೆ ಒತ್ತಿಕೊಂಡಿದ್ದರೆ ಹೊರಗಿನಿಂದಲೇ ಎಳೆದಿದೆ: ಬೆಕ್ಕು ಅಥವಾ ಪುನುಗಿನ ಕೆಲಸ. ಮರಿಯ ತಲೆ, ಕುತ್ತಿಗೆ ಒದ್ದೆಯಾಗಿ ಲೋಳೆ ಹತ್ತಿದ್ದರೆ ಹಾವು ನುಂಗಲು ನೋಡಿ ಬಿಟ್ಟಿದೆ. ಕಾಲಿನ ಬೆರಳು ಕಡಿದಿದ್ದರೆ ಹೆಗ್ಗಣ. ಗುದದ ಜಾಗದಲ್ಲಷ್ಟೇ ಗಾಯವಿದ್ದರೆ ಹೊರಗಿನವರನ್ನು ಹುಡುಕಬೇಡಿ, ಇಕ್ಕಟ್ಟಾದ ಗೂಡಿನಲ್ಲಿ ಕೋಳಿಗಳೇ ಒಂದನ್ನೊಂದು ಕುಕ್ಕಿರುತ್ತವೆ.

ಮೊಟ್ಟೆಯ ವಿಷಯ ಚಿಕ್ಕದು. ಚಿಪ್ಪೂ ಸಿಗದಂತೆ ಮಾಯವಾದರೆ ಹಾವು ಅಥವಾ ಉಡ. ಒಡೆದ ಚಿಪ್ಪು ಅಲ್ಲೇ ಬಿದ್ದಿದ್ದರೆ ಮುಂಗುಸಿ ಅಥವಾ ಕಾಗೆ.

3. ಹೆಜ್ಜೆಗೆ ಮರಳು ಹಾಸಿ

ಗೂಡಿನ ಸುತ್ತ ಮೂರು ಅಡಿ ಅಗಲಕ್ಕೆ, ಅರ್ಧ ಇಂಚು ದಪ್ಪಕ್ಕೆ ಜರಡಿ ಹಿಡಿದ ಮರಳು ಹಾಸಿ, ನೀರು ಚಿಮುಕಿಸಿ ಹಲಗೆಯಿಂದ ಸಮ ಮಾಡಿ. ಒಣಮರಳಿನಲ್ಲಿ ಗುರುತು ಕುಸಿಯುತ್ತದೆ, ಕೆಸರಿನಲ್ಲಿ ಹಿಗ್ಗಿ ಬೆಕ್ಕೂ ಚಿರತೆಯಂತೆ ಕಾಣುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಮರಳು ನಿಲ್ಲುವುದಿಲ್ಲ. ಆಗ ಮಾಡಿನ ಅಂಚಿನೊಳಗೆ ಒದ್ದೆ ಗೋಣಿ ಹಾಸಿ ಮೇಲೆ ತೆಳ್ಳಗೆ ಒಲೆಬೂದಿ ಉದುರಿಸಿ. ಬೆಳಿಗ್ಗೆ ಟಾರ್ಚನ್ನು ನೆಲಮಟ್ಟದಲ್ಲಿ ಅಡ್ಡ ಹಿಡಿದು ನೋಡಿದರೆ ನೆರಳಿನಲ್ಲಿ ಬೆರಳುಗಳು ಎದ್ದು ಕಾಣುತ್ತವೆ.

ನಾಲ್ಕು ಬೆರಳು, ಉಗುರಿಲ್ಲದ ದುಂಡು ಹೆಜ್ಜೆ ಬೆಕ್ಕಿನ ಜಾತಿಯದು. ನಾಲ್ಕು ಬೆರಳು, ಉಗುರಿನ ಗುರುತು ಇದ್ದರೆ ನಾಯಿ ಅಥವಾ ನರಿ. ನರಿಯ ಹೆಜ್ಜೆ ಸಪೂರ, ಒಂದೇ ಗೆರೆಯಲ್ಲಿ ಸಾಗುತ್ತದೆ, ನಾಯಿಯದು ಅತ್ತಿತ್ತ ಅಲೆಯುತ್ತದೆ. ಐದು ಬೆರಳಾದರೆ ಪುನುಗು ಅಥವಾ ಮುಂಗುಸಿ. ನಡುವೆ ಬಾಲ ಎಳೆದ ಗೆರೆ, ಎರಡೂ ಬದಿ ಪಂಜದ ಗುರುತು ಇದ್ದರೆ ಉಡ. ಪುನುಗಿಗೆ ಇನ್ನೊಂದು ಸಾಕ್ಷಿ: ಮಾಡಿನ ಮೇಲೋ ಕಟ್ಟೆಯ ಮೇಲೋ ಬೈನೆ ಮರದ ಹಣ್ಣಿನ ಬೀಜ ತುಂಬಿದ ಹಿಕ್ಕೆ, ಜೊತೆಗೆ ಪರಿಮಳದ ಅಕ್ಕಿ ಬೇಯುವಂಥ ವಾಸನೆ.

ಉಗುರಿಲ್ಲದ ಹೆಜ್ಜೆ ಏಳು ಸೆಂ.ಮೀ. ದಾಟಿದ್ದರೆ ಚಿರತೆ ಇರಬಹುದು. ಕಾರ್ಕಳ, ಹೆಬ್ರಿ, ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಇದು ದೂರದ ಮಾತಲ್ಲ. ಹುಡುಕಿಕೊಂಡು ಹೋಗದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

4. ಬಂದವರಿಗೆ ತಕ್ಕ ಬಾಗಿಲು

ಅಂಗಡಿಯಲ್ಲಿ ‘ಕೋಳಿ ಬಲೆ’ ಎಂದು ಸಿಗುವ ಆರು ಮೂಲೆಯ ತೆಳು ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಕಳ್ಳನನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿಯ ಜಾಲರಿ) ಬೇಕು. ತೋಡುವ ಪ್ರಾಣಿಗಳಿಗೆ ಅದನ್ನೇ ಒಂದು ಅಡಿ ಮಣ್ಣಿನೊಳಗೆ ಇಳಿಸಿ, ಅಲ್ಲಿಂದ ಒಂದು ಅಡಿ ಹೊರಕ್ಕೆ ಮಡಚಿ, ಮೇಲೆ ಕೆಂಪುಕಲ್ಲು ಹೇರಿ. ಪುನುಗಾದರೆ ಹಂಚಿನ ಅಡಿಗೂ ಮೆಶ್ ಹೊಡೆಯಿರಿ, ಹಂಚನ್ನು ಅದು ಸುಲಭವಾಗಿ ಸರಿಸುತ್ತದೆ. ಮೆಶ್‌ಗೆ ತಾಗಿಕೊಂಡು ಕೋಳಿ ಮಲಗದಂತೆ ಕೂರುವ ಕೋಲನ್ನು ಒಂದು ಅಡಿ ಒಳಗೆ ಕಟ್ಟಿ.

ಹೆಬ್ಬಾವು ಸಂದಿನಲ್ಲಿ ಸಪೂರವಾಗಿ ಬಂದು, ಕೋಳಿ ನುಂಗಿದ ಮೇಲೆ ಹೊರಹೋಗಲಾಗದೆ ಅಲ್ಲೇ ಸುತ್ತಿಕೊಂಡಿರುತ್ತದೆ. ಹೊಡೆಯಬೇಡಿ, ಹಾವು ಹಿಡಿಯುವವರನ್ನು ಕರೆಯಿರಿ. ಇಲ್ಲಿ ಹೇಳಿದ ಕಾಡುಪ್ರಾಣಿಗಳಲ್ಲಿ ಹೆಚ್ಚಿನವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಉರುಳು, ವಿಷ, ಬೇಲಿಗೆ ಕರೆಂಟು ಯಾವುದೂ ಬೇಡ. ಉರುಳಿಗೆ ಮೊದಲು ಬೀಳುವುದು ನೆರೆಮನೆಯ ನಾಯಿ.

ಹದ್ದು, ಬಿಜ್ಜುಗಳ ಕಾಟಕ್ಕೆ ಮಲ್ಪೆ ಕಡೆ ಸಿಗುವ ಹಳೆ ಮೀನುಬಲೆ ಸಾಕು, ಮರಿಗಳಿಗೆ ಆರು ವಾರ ತುಂಬುವವರೆಗೆ ಅಂಗಳದ ಮೇಲೆ ಬಿಗಿಯಾಗಿ ಕಟ್ಟಿ. ಬಲೆಯ ಅಂಚು ಮಾತ್ರ ನೆಲದಿಂದ ಎರಡು ಅಡಿ ಮೇಲಿರಲಿ. ನೆಲಕ್ಕೆ ಬಿದ್ದ ನೈಲಾನ್ ಬಲೆಯಲ್ಲಿ ನಾಗರಹಾವು ಸಿಕ್ಕಿಕೊಂಡರೆ ಬಿಡಿಸಲು ಹೋದವರಿಗೇ ಅಪಾಯ.