ಸಂಶೋಧನಾ ಯೋಜನೆಗೆ ಪಾಲುದಾರರು ಬೇಕೇ? ಮೊದಲು ನಿಮ್ಮಲ್ಲಿ ಏನಿಲ್ಲ ಬರೆದುಕೊಳ್ಳಿ

ಅನುದಾನದ ಅರ್ಜಿಯ ಕೊನೆಯ ದಿನ ಹತ್ತಿರವಾದಂತೆ ಹಲವರು ಪರಿಚಯದವರಿಗೆಲ್ಲ ‘ನಮ್ಮ ಜೊತೆ ಸೇರುತ್ತೀರಾ?’ ಎಂದು ಒಂದೇ ಒಕ್ಕಣೆಯ ಇಮೇಲ್ ಕಳಿಸಿಬಿಡುತ್ತಾರೆ. ಹಾಗೆ ಕೂಡಿದ ಗುಂಪಿನಲ್ಲಿ ಒಂದೇ ವಿದ್ಯೆ ಬಲ್ಲವರು ನಾಲ್ವರಿರುತ್ತಾರೆ, ಬೇಕಾದದ್ದನ್ನು ಬಲ್ಲವರು ಒಬ್ಬರೂ ಇರುವುದಿಲ್ಲ. ಸಾರ್ವಜನಿಕ ಹಣ ಹಂಚುವವರಿಗೆ ನಿಮ್ಮ ಗೆಳೆತನದಿಂದ ಆಗಬೇಕಾದ್ದೇನೂ ಇಲ್ಲ. ಯಾವ ಕೆಲಸ ಯಾರದು, ಅವರೇ ಏಕೆ ಎಂಬುದಕ್ಕೆ ಅವರು ಉತ್ತರ ಕೇಳುತ್ತಾರೆ.

ಐರೋಪ್ಯ ಒಕ್ಕೂಟದ ‘ಹೊರೈಜನ್ ಯುರೋಪ್’ ಕಾರ್ಯಕ್ರಮವನ್ನು ಇಲ್ಲಿ ಮಾದರಿಯಾಗಿ ಇಟ್ಟುಕೊಳ್ಳೋಣ. 2021ರಿಂದ 2027ರವರೆಗಿನ ಈ ಕಾರ್ಯಕ್ರಮಕ್ಕೆ ಆರಂಭದಲ್ಲಿ ನಿಗದಿಯಾದ ಗಾತ್ರ ಸುಮಾರು 9,550 ಕೋಟಿ ಯೂರೊ. ನಿಯಮಗಳೆಲ್ಲ ಬಹಿರಂಗವಾಗಿ ಸಿಗುತ್ತವೆ. ಬೇರೆಡೆ ನಿಯಮ ಬೇರೆ ಇದ್ದರೂ ಪಾಲುದಾರರನ್ನು ಹುಡುಕುವ ಕ್ರಮ ಹೆಚ್ಚು ಬದಲಾಗದು.

ಮೊದಲ ಹೆಜ್ಜೆ: ಕೊರತೆಯ ಪಟ್ಟಿ

ಬಾವಿ ನೀರಿನಲ್ಲಿರುವ ಆರ್ಸೆನಿಕ್ ಅಳೆಯುವ ಅಗ್ಗದ ಸೆನ್ಸರ್ ನಿಮ್ಮ ಯೋಜನೆ ಎಂದುಕೊಳ್ಳಿ. ನಿಮ್ಮಲ್ಲಿ ರಸಾಯನ ವಿಜ್ಞಾನಿಗಳಿದ್ದಾರೆ. ಆದರೆ ಸರ್ಕ್ಯೂಟ್ ಮಾಡುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಸೂಚಿಸಿದ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ; ಅಷ್ಟು ಸೂಕ್ಷ್ಮವಾಗಿ ನಿಮ್ಮ ಉಪಕರಣ ಅಳೆಯುತ್ತದೆಯೇ ಎಂದು ತಾಳೆ ನೋಡುವ ಪ್ರಯೋಗಾಲಯ ಯಾವುದು? ಬಾವಿಗಳ ಬಳಿ ಹೋಗಿ ಪರೀಕ್ಷಿಸುವವರು, ಕೊನೆಗೆ ಅದನ್ನು ಕೊಂಡು ಬಳಸುವವರು? ಇಷ್ಟು ಬರೆದರೆ ನಿಮಗೆ ಬೇಕಾದ ಸಂಸ್ಥೆಗಳ ಸ್ವರೂಪ ತಾನೇ ಕಾಣುತ್ತದೆ. ಒಂದು ಸಾಲಿಗೆ ಒಬ್ಬರೇ ಸಾಕು. ಇಬ್ಬರಾದರೆ ಬಜೆಟ್ ಹಂಚುವಾಗ ಜಗಳ ಖಾತ್ರಿ.

ಈ ಪಟ್ಟಿಯನ್ನು ನಿಯಮದೊಂದಿಗೆ ಹೋಲಿಸಿ. ಹೊರೈಜನ್ ಯುರೋಪ್‌ನ ಸಾಮಾನ್ಯ ಸಹಯೋಗ ಯೋಜನೆಗೆ ಮೂರು ಬೇರೆ ಬೇರೆ ದೇಶಗಳ, ಪರಸ್ಪರ ಸ್ವತಂತ್ರವಾದ ಕನಿಷ್ಠ ಮೂರು ಸಂಸ್ಥೆಗಳು ಬೇಕು. ಅವು ಒಕ್ಕೂಟದ ಸದಸ್ಯ ದೇಶಗಳಲ್ಲಿ ಅಥವಾ ಒಪ್ಪಂದ ಮಾಡಿಕೊಂಡು ಕಾರ್ಯಕ್ರಮಕ್ಕೆ ಸೇರಿದ ಸಹಯೋಗಿ ದೇಶಗಳಲ್ಲಿ ಇರಬೇಕು. ಒಂದಾದರೂ ಸದಸ್ಯ ದೇಶದ್ದಾಗಿರಬೇಕು. ಬೇರೆ ದೇಶದ ಸಂಸ್ಥೆ ಅದರ ಮೇಲೆ ಸೇರಬಹುದು, ಹಣ ಸಿಗುತ್ತದೆಯೇ ಎಂಬುದು ಆ ದೇಶ ಯಾವುದೆಂಬುದರ ಮೇಲೆ ನಿಂತಿದೆ. ಇದನ್ನು ಮಾತುಕತೆ ಆರಂಭಿಸುವ ಮೊದಲೇ ನೋಡಿಕೊಳ್ಳದವರು ಆಮೇಲೆ ಬಹಳ ಮುಜುಗರ ಪಡುತ್ತಾರೆ.

ಎರಡನೆಯದು: ಎಲ್ಲಿ ಹುಡುಕುವುದು

ಹಿಂದೆ ಹಣ ಪಡೆದವರ ಪಟ್ಟಿ ಎಲ್ಲಕ್ಕಿಂತ ಒಳ್ಳೆಯ ಆಕರ. ‘ಕಾರ್ಡಿಸ್’ ಎಂಬ ಐರೋಪ್ಯ ಜಾಲತಾಣದಲ್ಲಿ 1990ರಿಂದ ಈಚಿನ ಯೋಜನೆಗಳು, ಅವುಗಳ ಪಾಲುದಾರರು, ಪಡೆದ ಮೊತ್ತ ಎಲ್ಲವೂ ಉಂಟು. ನಿಮ್ಮ ವಿಷಯದ ಪದಗಳನ್ನು ಹಾಕಿ ಹುಡುಕಿ, ಮತ್ತೆ ಮತ್ತೆ ಬರುವ ಹೆಸರುಗಳನ್ನು ಗುರುತು ಮಾಡಿಕೊಳ್ಳಿ. ಯಾರು ಯಾರೊಂದಿಗೆ ಪದೇ ಪದೇ ದುಡಿದಿದ್ದಾರೆ ಎಂಬುದನ್ನೂ ಗಮನಿಸಿ; ಕೆಲಸ ಕೊಟ್ಟವರೇ ಮತ್ತೆ ಕರೆದಿದ್ದಾರೆಂದರೆ ಅದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ. ಅಮೆರಿಕದ ವೈದ್ಯಕೀಯ ಸಂಶೋಧನೆಗೆ ‘ಎನ್‌ಐಎಚ್ ರಿಪೋರ್ಟರ್’, ಬ್ರಿಟನ್ನಿನ ಯೋಜನೆಗಳಿಗೆ ‘ಗೇಟ್‌ವೇ ಟು ರಿಸರ್ಚ್’ ಇಂಥವೇ ದತ್ತಸಂಚಯಗಳು.

ಐರೋಪ್ಯ ಆಯೋಗದ ಅನುದಾನ ಪೋರ್ಟಲ್‌ನಲ್ಲಿ ಪ್ರತಿ ವಿಷಯದ ಪುಟದಲ್ಲೇ ಪಾಲುದಾರರ ಹುಡುಕಾಟದ ಪ್ರಕಟಣೆಗಳಿರುತ್ತವೆ. ಓದಿ ನೋಡಬಹುದು, ಆದರೆ ‘ನಾವು ಯಾವುದಕ್ಕೂ ಸಿದ್ಧ’ ಎನ್ನುವವರಿಂದ ದೂರವಿರಿ. ಆಯಾ ದೇಶದ ರಾಷ್ಟ್ರೀಯ ಸಂಪರ್ಕ ಕೇಂದ್ರಗಳು ಉಚಿತವಾಗಿ ಸಲಹೆ ಕೊಡುತ್ತವೆ. ಹಲವರು ಅವರನ್ನು ಕೇಳುವುದೇ ಇಲ್ಲ ಎಂಬುದು ಆಶ್ಚರ್ಯ.

ಮೂರನೆಯದು: ಮೊದಲ ಪತ್ರ

ಹೆಚ್ಚಿನವರು ಎಡವುವುದು ಇಲ್ಲಿ. ನಿಮ್ಮ ಸಂಸ್ಥೆಯ ಹಿರಿಮೆಯನ್ನು ಎರಡು ಪುಟ ಬರೆದರೆ ಓದುವವರಿಗೆ ತಮ್ಮಿಂದ ಏನಾಗಬೇಕಿದೆ ಎಂಬುದೇ ತಿಳಿಯುವುದಿಲ್ಲ. ಪತ್ರ ಹೀಗಿರಲಿ:

‘ಮಾನ್ಯರೇ, ನೀರಿನ ಗುಣಮಟ್ಟ ಕುರಿತ ಈ ಅನುದಾನದ ಆಹ್ವಾನಕ್ಕೆ ನಾವು ಅರ್ಜಿ ಸಿದ್ಧಪಡಿಸುತ್ತಿದ್ದೇವೆ. ಆರ್ಸೆನಿಕ್ ಹಿಡಿಯುವ ಲೇಪನ ನಮ್ಮ ಬಳಿ ಪ್ರಯೋಗಾಲಯದ ಮಟ್ಟದಲ್ಲಿದೆ. ಹೊರಗಿನ ನೀರಿನಲ್ಲಿ ಅದನ್ನು ಪರೀಕ್ಷಿಸುವ ಸೌಲಭ್ಯ ನಮಗಿಲ್ಲ. ಆ ಪರೀಕ್ಷೆಯ ಹೊಣೆಯನ್ನು ನೀವು ಹೊರಬಲ್ಲಿರಾ? ಸಂಯೋಜಕರು ನಾವೇ. ಆಸಕ್ತಿ ಇದ್ದರೆ ಅರ್ಧ ಗಂಟೆ ಮಾತನಾಡೋಣ. ಇಲ್ಲವಾದರೆ ಒಂದು ಸಾಲು ತಿಳಿಸಿದರೂ ಉಪಕಾರ.’

ಇದಕ್ಕೆ ಆಹ್ವಾನದ ಸಂಖ್ಯೆ, ಕೊನೆಯ ದಿನಾಂಕ, ಒಂದು ಪುಟದ ಸಾರಾಂಶ ಲಗತ್ತಿಸಿ. ಪೇಟೆಂಟ್‌ಗೆ ಹಾಕಬೇಕೆಂದಿರುವ ವಿವರ ಅದರಲ್ಲಿ ಬೇಡ. ಅದು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಬಿದ್ದ ಮೇಲಿನ ಮಾತು. ‘ನಮ್ಮಲ್ಲಿ ಇದಿಲ್ಲ’ ಎನ್ನಲು ಸಂಕೋಚ ಪಡಬೇಡಿ. ಎದುರಿನವರಿಗೆ ಜಾಗ ಕಾಣುವುದೇ ಆ ವಾಕ್ಯದಿಂದ.

ಒಂದು ವಾರ ಉತ್ತರವಿಲ್ಲದಿದ್ದರೆ ಒಮ್ಮೆ ನೆನಪಿಸಿ. ಆಮೇಲೂ ಮೌನವಾದರೆ ಬಿಟ್ಟುಬಿಡಿ. ಅರ್ಜಿ ಹಂತದಲ್ಲೇ ಉತ್ತರಿಸದವರು ವರದಿ ಕೊಡುವ ಹೊತ್ತಿಗೆ ಉತ್ತರಿಸುವುದು ಅನುಮಾನ.

ನಾಲ್ಕನೆಯದು: ಕೂತು ಮಾತಾಡಬೇಕಾದ್ದು

ಮೊದಲ ಸಭೆಯಲ್ಲೇ ಹಣದ ಮಾತಾಡಿ. ಯಾರಿಗೆ ಎಷ್ಟು ತಿಂಗಳ ಕೆಲಸ, ಯಾವ ಉಪಕರಣ, ಯಾವ ಪ್ರಯಾಣ? ಹೊರೈಜನ್ ಯುರೋಪ್‌ನ ಸಂಶೋಧನಾ ಯೋಜನೆಗಳಲ್ಲಿ ಅರ್ಹ ವೆಚ್ಚದ 100 ಪ್ರತಿಶತ ಸಿಗಬಹುದು. ಮಾರುಕಟ್ಟೆಗೆ ಹತ್ತಿರದ ನಾವೀನ್ಯ ಯೋಜನೆಗಳಲ್ಲಿ ಲಾಭದ ಕಂಪನಿಗಳಿಗೆ ಸಾಮಾನ್ಯವಾಗಿ 70 ಪ್ರತಿಶತವಷ್ಟೇ. ಉಳಿದ 30 ಪ್ರತಿಶತ ತಮ್ಮ ಕೈಯಿಂದ ಎಂಬುದು ಕಂಪನಿಯವರಿಗೆ ಮೊದಲೇ ಗೊತ್ತಿರಲಿ.

ಇನ್ನೊಂದು, ಫಲಿತಾಂಶದ ಒಡೆತನ. ಯಾರು ಕಂಡುಹಿಡಿದರೋ ಅವರದೇ ಎಂಬುದು ಮೂಲ ನಿಯಮ. ಆದರೆ ಬಿಡಿಸಿ ನೋಡಲಾಗದಂತೆ ಇಬ್ಬರೂ ಸೇರಿ ಮಾಡಿದ್ದು ಜಂಟಿ ಸ್ವತ್ತು. ಪ್ರತಿ ಪಾಲುದಾರರೂ ಯೋಜನೆಗೆ ಬರುವ ಮೊದಲೇ ಹೊಂದಿದ್ದ ಜ್ಞಾನವನ್ನು ಬೇರೆಯಾಗಿ ಪಟ್ಟಿ ಮಾಡಿಸಿ. ಇದೆಲ್ಲ ಹೋಗುವುದು ಪಾಲುದಾರರು ತಮ್ಮೊಳಗೆ ಮಾಡಿಕೊಳ್ಳುವ ಕನ್ಸಾರ್ಷಿಯಂ ಒಪ್ಪಂದಕ್ಕೆ. ‘ಡೆಸ್ಕಾ’ ಎಂಬ ಸಿದ್ಧ ಮಾದರಿ ಬಹಳ ಕಡೆ ಬಳಕೆಯಲ್ಲಿದೆ, ಹೊಸದಾಗಿ ಬರೆಯುವ ಶ್ರಮ ಬೇಡ. ವಕೀಲರ ಕೈಗೆ ಬೇಗ ಕೊಡಿ. ದೊಡ್ಡ ಸಂಸ್ಥೆಗಳಲ್ಲಿ ಸಹಿ ಬೀಳುವುದು ನಿಧಾನ.

ಐದನೆಯದು: ಬರೆಯುವಾಗ ಮತ್ತು ಕಾಯುವಾಗ

ಬರೆಯುವ ಕೆಲಸ ಹಂಚಿ, ಕೊನೆಯ ಆವೃತ್ತಿ ಮಾತ್ರ ಒಬ್ಬರ ಕೈಯಲ್ಲಿರಲಿ. ಮೌಲ್ಯಮಾಪನ ಶ್ರೇಷ್ಠತೆ, ಪರಿಣಾಮ, ಅನುಷ್ಠಾನ ಎಂಬ ಮೂರು ಬಾಬಿನಲ್ಲಿ, ತಲಾ 5 ಅಂಕಕ್ಕೆ ನಡೆಯುತ್ತದೆ. ಸಾಮಾನ್ಯವಾಗಿ ಪ್ರತಿಯೊಂದರಲ್ಲೂ 3, ಒಟ್ಟು 10 ಬರಲೇಬೇಕು. ಪಾಲುದಾರರ ಆಯ್ಕೆ ಅನುಷ್ಠಾನದ ಅಂಕದಲ್ಲೇ ಅಡಗಿದೆ. ಹಾಗಾಗಿ ಪ್ರತಿ ಪಾಲುದಾರರೂ ತಮ್ಮ ಭಾಗವನ್ನು ತಾವೇ ಓದಿ ಒಪ್ಪಬೇಕು.

ಅರ್ಜಿ ಸೇರಿದ ಮೇಲೆ ಫಲಿತಾಂಶಕ್ಕೆ ಸುಮಾರು 5 ತಿಂಗಳು, ಒಪ್ಪಂದಕ್ಕೆ ಇನ್ನು 3 ತಿಂಗಳು. ಈ ಅವಧಿಯಲ್ಲಿ ಗೆದ್ದೇಬಿಟ್ಟೆವೆಂಬಂತೆ ನೌಕರರನ್ನು ನೇಮಿಸಿಕೊಳ್ಳಬೇಡಿರೆಂದು ಪಾಲುದಾರರಿಗೆ ತಿಳಿಸಿ. ಅರ್ಜಿ ಸೋತರೆ ಮೌಲ್ಯಮಾಪನ ವರದಿಯನ್ನು ಸಂಯೋಜಕರು ತಮ್ಮಲ್ಲೇ ಇಟ್ಟುಕೊಳ್ಳದೆ ಎಲ್ಲರಿಗೂ ಕಳಿಸಲಿ. ಮುಂದಿನ ಆಹ್ವಾನಕ್ಕೆ ಇದೇ ಗುಂಪು ಸಾಕೇ, ಇನ್ನೂ ಯಾರು ಬೇಕು ಎಂಬ ಚರ್ಚೆಗೆ ಅದರಲ್ಲಿ ಬೇಕಾದಷ್ಟು ಸಾಮಗ್ರಿ ಇರುತ್ತದೆ.